ನೋವು ನಿಂತ ಹಲ್ಲು

ಶಿಷ್ಯ ಮಹಾಲಿಂಗ ಕೇಳಿದ: "ಗುರುಗಳೇ, ಈ ಮಠಕ್ಕೆ ಬರುವ ಮೊದಲು ನಾನು ನೆರೆಮನೆಯವನ ಮೇಲೆ ಸುಳ್ಳು ಸಾಕ್ಷಿ ಹೇಳಿದ್ದೆ. ಅವನು ಎರಡು ವರ್ಷ ಜೈಲಿನಲ್ಲಿದ್ದು ಬಂದ. ಮೊದಮೊದಲು ಅದು ನೆನಪಾದರೆ ಊಟ ಸೇರುತ್ತಿರಲಿಲ್ಲ. ಈಗೊಂದು ವರ್ಷದಿಂದ ನೆನಪಾದರೂ ಏನೂ ಅನಿಸುವುದಿಲ್ಲ. ನನ್ನ ಮನಸ್ಸು ಶುದ್ಧವಾಗಿದೆ ಎಂದು ತಿಳಿಯಬಹುದೇ?"

ಗುರುಗಳು ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಮಿಠಾಯಿಗಾರನಿದ್ದ. ಪಾಕದ ಹದ ನೋಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಪಾಕವನ್ನು ಎರಡು ಬೆರಳ ನಡುವೆ ಎಳೆದು ನೋಡುತ್ತಿದ್ದ. ನೋಡಿ ಬೆರಳು ನೆಕ್ಕುತ್ತಿದ್ದ. ಪ್ರತಿ ಬಾಣಲೆಯಿಂದಲೂ ಒಂದು ಚೂರು ಬಾಯಿಗೆ ಹೋಗುತ್ತಿತ್ತು. ಅಂಗಡಿ ಮುಚ್ಚಿ ಮನೆಗೆ ಬಂದರೆ ಉಂಡವನೇ ಮಲಗುತ್ತಿದ್ದ, ಬಾಯಿ ತೊಳೆಯುವಷ್ಟೂ ತ್ರಾಣ ಉಳಿದಿರುತ್ತಿರಲಿಲ್ಲ.

ಒಂದು ದಿನ ಅವನು ನಗುವಾಗ ಅವನ ದವಡೆ ಹಲ್ಲಿನ ಮೇಲೆ ಕಪ್ಪು ಚುಕ್ಕೆಯನ್ನು ಹೆಂಡತಿ ಕಂಡಳು. ಬಲವಂತದಿಂದ ಹಲ್ಲಿನ ವೈದ್ಯೆಯ ಬಳಿಗೆ ಕರೆದೊಯ್ದಳು.

ವೈದ್ಯೆ ಪರೀಕ್ಷಿಸಿ ಹೇಳಿದಳು: "ಎಲ್ಲರ ಬಾಯಿಯಲ್ಲೂ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಇರುತ್ತವೆ. ಅವು ಹಲ್ಲಿಗೆ ಅಂಟಿಕೊಂಡು, ನಾವು ತಿಂದ ಸಕ್ಕರೆಯನ್ನೇ ತಿಂದು ಆಮ್ಲ ಬಿಡುತ್ತವೆ. ಆ ಆಮ್ಲದಿಂದ ಹಲ್ಲು ಕರಗುತ್ತದೆ. ನಡುವೆ ಬಿಡುವು ಸಿಕ್ಕರೆ ಬಾಯಿಯ ಜೊಲ್ಲು ಅದನ್ನು ಅಷ್ಟಿಷ್ಟು ಸರಿಪಡಿಸುತ್ತದೆ. ನೀವು ಗಳಿಗೆಗೊಮ್ಮೆ ಸಿಹಿ ಮುಟ್ಟುತ್ತೀರಿ, ಬಿಡುವೇ ಕೊಡುತ್ತಿಲ್ಲ. ಹುಳುಕು ಇನ್ನೂ ಮೇಲಿದೆ. ಇವತ್ತೇ ಕೊರೆದು ತುಂಬಿಸಿದರೆ ಹಲ್ಲು ಉಳಿಯುತ್ತದೆ."

"ನೋವೇ ಇಲ್ಲವಲ್ಲ, ಡಾಕ್ಟರೇ. ಮದುವೆಗಳ ಕಾಲ ಮುಗಿಯಲಿ, ಬರುತ್ತೇನೆ" ಎಂದು ಅವನು ಎದ್ದು ಬಂದ.

ಮದುವೆಗಳ ಕಾಲ ಮುಗಿಯಿತು. ಅವನು ಹೋಗಲಿಲ್ಲ. ಮರು ವರ್ಷ ನೋವು ಶುರುವಾಯಿತು. ಮೊದಲು ತಣ್ಣೀರು ಕುಡಿದರೆ ಜುಂ ಎನ್ನುತ್ತಿತ್ತು, ಬರುಬರುತ್ತಾ ಸುಮ್ಮನೆ ಕುಳಿತರೂ ಸಿಡಿಯತೊಡಗಿತು. ಲವಂಗ ಕಚ್ಚಿಕೊಂಡು ಒಲೆಯ ಮುಂದೆ ನಿಂತ. ಮಕ್ಕಳ ಮೇಲೆ ರೇಗಿದ. ಕೊನೆಗೆ, ಸೋಮವಾರ ವೈದ್ಯೆಯ ಬಳಿಗೆ ಹೋಗುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟ.

ಭಾನುವಾರ ಬೆಳಿಗ್ಗೆ ಏಳುವಾಗ ನೋವು ಇರಲಿಲ್ಲ. ತಣ್ಣೀರು ಕುಡಿದು ನೋಡಿದ, ಇಲ್ಲ. ಬಿಸಿ ಚಹಾ ಕುಡಿದ, ಇಲ್ಲ. ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು.

ಹೆಂಡತಿ, "ಆದರೂ ಒಮ್ಮೆ ತೋರಿಸಿಕೊಂಡು ಬನ್ನಿ" ಎಂದಳು.

"ನೋಯುವಾಗಲೇ ಹೋಗಲಿಲ್ಲ. ವಾಸಿಯಾದ ಹಲ್ಲನ್ನು ತೋರಿಸಲು ಹೋಗಲೇ?" ಎಂದು ನಕ್ಕ.

ಎರಡು ತಿಂಗಳು ನೆಮ್ಮದಿಯಿಂದ ಕಳೆದವು. ಆಮೇಲೊಂದು ದಿನ ದವಡೆಯ ಕೆಳಗೆ ಊತ ಕಾಣಿಸಿತು. ಒಲೆಯ ಮುಂದೆ ನಿಂತು ಉಷ್ಣವಾಗಿರಬೇಕು ಎಂದುಕೊಂಡ. ಮರುದಿನ ಊತ ಕತ್ತಿಗೆ ಇಳಿಯಿತು, ಮೈ ಸುಡತೊಡಗಿತು. ಮೂರನೆಯ ದಿನ ಬಾಯಿ ತೆರೆಯಲಾಗಲಿಲ್ಲ, ನೀರು ನುಂಗಲಾಗಲಿಲ್ಲ. ನಾಲಿಗೆ ಮೇಲಕ್ಕೆದ್ದು ಉಸಿರಿಗೆ ಅಡ್ಡ ಬಂತು. ಹೆಂಡತಿ ಬಾಡಿಗೆ ವಾಹನದಲ್ಲಿ ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು. ದಾರಿಯುದ್ದಕ್ಕೂ ಅವನು ಅವಳ ಕೈ ಹಿಡಿದು ಏನನ್ನೋ ಹೇಳಲು ನೋಡಿದ. ಮಾತು ಹೊರಡಲಿಲ್ಲ. ಆಸ್ಪತ್ರೆಯಲ್ಲಿ ಕತ್ತು ಕೊಯ್ದು ಕೀವು ತೆಗೆದರು. ಆ ಹೊತ್ತಿಗೆ ನಂಜು ರಕ್ತಕ್ಕೆ ಸೇರಿತ್ತು. ಮರುದಿನ ಮಧ್ಯಾಹ್ನ ಅವನು ಸತ್ತ.

ಕರ್ಮಗಳೆಲ್ಲ ಮುಗಿದ ಮೇಲೆ ಹೆಂಡತಿ ಆ ಹಲ್ಲಿನ ವೈದ್ಯೆಯ ಬಳಿಗೆ ಒಬ್ಬಳೇ ಹೋಗಿ ನಡೆದದ್ದನ್ನೆಲ್ಲ ಹೇಳಿದಳು.

"ಎರಡು ತಿಂಗಳು ಹಲ್ಲು ನೋಯಲೇ ಇಲ್ಲ, ಡಾಕ್ಟರಮ್ಮ. ಮತ್ತೆ ಹೀಗೆ ಹೇಗಾಯಿತು?"

ವೈದ್ಯೆ ಅವಳನ್ನು ಕೂರಿಸಿ ಹೇಳಿದಳು: "ಬ್ಯಾಕ್ಟೀರಿಯಾ ಹಲ್ಲಿನ ಒಳಗೆ ಇಳಿದು ಅಲ್ಲಿನ ನರವನ್ನು ಕೊಂದವು ತಾಯಿ. ನರ ಸತ್ತ ದಿನ ನೋವು ನಿಂತಿತು. ಬ್ಯಾಕ್ಟೀರಿಯಾ ಸಾಯಲಿಲ್ಲ. ಬೇರಿನ ತುದಿಯಿಂದ ದವಡೆಯ ಮೂಳೆಗೆ, ಅಲ್ಲಿಂದ ಕತ್ತಿಗೆ ಇಳಿದವು. ಅದನ್ನು ತಿಳಿಸುವ ನರವೇ ಒಳಗೆ ಉಳಿದಿರಲಿಲ್ಲ."

ಕತೆ ಇಲ್ಲಿಗೆ ಮುಗಿಯಿತು. ಮಹಾಲಿಂಗ ತಲೆ ತಗ್ಗಿಸಿ ಕುಳಿತಿದ್ದ.

ಗುರುಗಳು ಕೇಳಿದರು: "ನಿನ್ನ ಊರಿಗೆ ಮೊದಲ ಬಸ್ಸು ಎಷ್ಟು ಗಂಟೆಗೆ?"