ಮಹಾನಂದಾ ಬೇಳೆ ಬಿಟ್ಟದ್ದು

ಘಟಪ್ರಭೆಯ ದಂಡೆಯ ಮಠದಲ್ಲಿ ಮಹಾನಂದಾ ಎಂಬ ಶಿಷ್ಯೆ ಬೇಳೆ ತಿನ್ನುವುದನ್ನು ಬಿಟ್ಟಳು. ಮೂರನೆಯ ದಿನ ರಕ್ತ ಹೆಪ್ಪುಗಟ್ಟದಂತೆ ನುಂಗುತ್ತಿದ್ದ ಗುಳಿಗೆಯನ್ನೂ ಬಿಟ್ಟಳು.

ಗುರುಗಳ ಕಿವಿಗೆ ಬಿತ್ತು. ಊರೆಲ್ಲ ಅವರನ್ನು ಅಜ್ಜಾರು ಎನ್ನುತ್ತಿತ್ತು.

"ಏನವ್ವಾ, ಇದ್ಯಾವ ವ್ರತ?"

"ರಕ್ತದ ತಿಳಿಯೊಳಗ ಒಂದು ಪ್ರೋಟೀನು ಮುದುಡಿಕೊಂಡು ತೇಲತೈತಂತ್ರಿ. ಎಲ್ಲೆರೆ ಅಂಟಿಕೊಂಡ್ರ ಮೈ ಬಿಚ್ಚತೈತಿ. ಆಗ ರೋಗ ಬರದ್ಹಂಗ ಕಾಯೂ ನನ್ನವೇ ಪ್ರತಿಕಾಯಗಳು ಗುರುತು ಸಿಗದ ಅದರ ಮ್ಯಾಲ ಬೀಳತಾವ. ರಕ್ತ ಹೆಪ್ಪುಗಟ್ಟತೈತಿ. ಡಾಕ್ಟರ ಬಾಯಾರು ಹೇಳಿದ್ರು."

ಆ ಹೆಪ್ಪಿನಿಂದಲೇ ಅವಳ ಎರಡು ಬಸಿರು ಹೋಗಿದ್ದವು. ಹೋದ ವರ್ಷ ಅದು ಕಾಲಿಗೆ ಇಳಿದಿತ್ತು. ಗುಳಿಗೆ ತಪ್ಪಿದರೆ ಇನ್ನು ಮಿದುಳಿಗೆ ಏರೀತು ಎಂದು ಆ ವೈದ್ಯೆ ಎಚ್ಚರಿಸಿದ್ದನ್ನು ಮಾತ್ರ ಅವಳು ಹೇಳಲಿಲ್ಲ.

"ಅದಕ್ಕ ಬೇಳಿ ಬಿಟ್ಟೀನ್ರಿ. ಪ್ರೋಟೀನೇ ಇಲ್ಲಂದ್ರ ಜಗಳ ಎಲ್ಲೀದು, ಗುಳಿಗಿ ಯಾಕ? ಹರಸ್ರಿ."

ಅಜ್ಜಾರು ಹರಸಲಿಲ್ಲ. ಮಡಿಸಿದ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊಳೆಯ ಕಡೆ ನಡೆದರು.

ಆ ಮಠದಲ್ಲೊಂದು ಕಟ್ಟಳೆ. ನಾಯಿ ಕರಿಯಾ ಬೊಗಳಿತೆಂದರೆ ಬಾಗಿಲ ಹತ್ತಿರ ಇದ್ದವರು ಕೇಳದೆ, ನೋಡದೆ ಅಗಳಿ ಹಾಕಬೇಕು.

ಸ್ವಲ್ಪ ಹೊತ್ತಿಗೆ ಕರಿಯಾ ಗಂಟಲು ಹರಿಯುವಂತೆ ಬೊಗಳಿತು. ಮಹಾನಂದಾ ಓಡಿ ಹೋಗಿ ಅಗಳಿ ಹಾಕಿದಳು.

"ತೆಗಿಯವ್ವಾ," ಹೊರಗಿನಿಂದ ಅಜ್ಜಾರ ದನಿ.

ತೆಗೆದಳು. ಅಜ್ಜಾರು ತಲೆಯ ಮೇಲಿಂದ ಕಂಬಳಿ ಇಳಿಬಿಟ್ಟು, ಎರಡೂ ತೋಳು ಚಾಚಿ, ದೊಡ್ಡ ಬಾವಲಿಯಂತೆ ನಿಂತಿದ್ದರು. ಅವಳಿಗೆ ನಗು ತಡೆಯಲಿಲ್ಲ.

"ಕಂಬಳಿ ಬಿಚ್ಚಿದ್ರಿ, ಕರಿಯಾಗ ಗುರುತು ಹತ್ತಲಿಲ್ರಿ."

"ಹಂಗಾರ ನನ್ನ ಮಠ ಬಿಡಸತೀ?"

"ಎಲ್ಲೆರೆ ಉಂಟೇನ್ರಿ."

"ಕರಿಯಾನ್ನ ಓಡಸೂಣೇನು?"

"ಹನ್ನೊಂದು ವರ್ಷ ಕಾದೈತ್ರಿ, ಪಾಪ."

"ಮತ್ತ?"

ಮಹಾನಂದಾ ತನ್ನ ಕೈ ಇನ್ನೂ ಹಿಡಿದೇ ಇದ್ದ ಅಗಳಿಯನ್ನು ನೋಡಿದಳು.

"ಬೊಗಳಿದ ಕೂಡಲೆ ಇದನ್ನ ಹಾಕೂದು ಬಿಡಬೇಕ್ರಿ."

"ಆ ಗುಳಿಗಿ ಮಾಡೂದೂ ಅಷ್ಟ."

ಅವಳು ಅಗಳಿ ಬಿಟ್ಟಳು. ಒಳಗೆ ಹೋಗಿ ಗುಳಿಗೆ ನುಂಗಿದಳು. ಎರಡು ಸೌಟು ಬೇಳೆ ಬಡಿಸಿಕೊಂಡು ಉಂಡಳು. ತಿರುಗಿ ಬಂದಾಗ ಕಣ್ಣು ತೇವವಾಗಿತ್ತು.

"ಅಜ್ಜಾರ, ಜೀವ ಉಳಿಸಿದ್ರಿ. ಮೊದಲ ಯಾರಿಗೆ ಶರಣು ಹೇಳಲಿ? ನಿಮಗೋ, ಬಾಯಾರಿಗೋ?"

ಅಜ್ಜಾರು ಕಂಬಳಿ ಮಡಿಸುತ್ತಿದ್ದರು.

"ಆ ಪ್ರೋಟೀನು, ಆ ಪ್ರತಿಕಾಯ ನಿನಗ ತಿಳೀದ್ಹಂಗ ನಲವತ್ತು ವರ್ಷ ನಿನ್ನೊಳಗ ದುಡಿದಾವಲ್ಲ, ಅವಕ್ಕ ಹೇಳವ್ವಾ. ನೀ ಓಡಸಾಕ ಹೊಂಟಿದ್ದು ಅವನ್ನ ಅಲ್ಲೇನು?"