ಹಸಿರು ಕಲ್ಲು ಸಿಕ್ಕಿದ್ದು ಯಾರಿಗೆ

ಗೆಡ್ಡೆಗಾಗಿ ನೆಲ ಬಗೆಯುತ್ತಿದ್ದ ಕಾಡುಹಂದಿಯ ಮೂತಿಗೆ ಹಸಿರು ಕಲ್ಲೊಂದು ತಗುಲಿತು. ಮನುಷ್ಯರು ಆ ಗುಡ್ಡದಲ್ಲಿ ವರ್ಷಗಟ್ಟಲೆ ಹುಡುಕುತ್ತಿದ್ದ ನಿಕಲ್ ಅದಿರು ಅದು.

"ನನ್ನ ಅದೃಷ್ಟ ನೋಡು!" ಎಂದು ಹಂದಿ ಪಕ್ಕದ ಹುತ್ತದ ಮುದಿ ಗೆದ್ದಲಿಗೆ ಹೇಳಿತು.

ಗೆದ್ದಲು ಸಿಡುಕಿತು. "ಆಳದ ಮಣ್ಣನ್ನು ಕಣಕಣವಾಗಿ ರುಚಿ ನೋಡಿ ಮೇಲೆ ತಂದವರು ನಾವು. ಹುತ್ತದ ಗೋಡೆಯ ತುಂಬ ಅದೇ ಹಸಿರಿದೆ. ಇದು ವಿದ್ಯೆ. ನೀನು ಬರೀ ಎಡವಿದವಳು."

"ಎಡವಿದರೇನು? ಸಿಕ್ಕಿದ್ದು ನನಗೆ."

ಆ ದಾರಿಯಾಗಿ ಬಂದ ಭೂವಿಜ್ಞಾನಿ ಕಲ್ಲನ್ನು ಎತ್ತಿಕೊಂಡ, ಹುತ್ತದ ಮಣ್ಣನ್ನೂ ಒಂದು ಹಿಡಿ ಚೀಲಕ್ಕೆ ತುಂಬಿಕೊಂಡ. ಎರಡೂ ಕಡೆ ಕೆಂಪು ಬಾವುಟ ನೆಟ್ಟು ಹೋದ.

"ನನ್ನ ಬಾವುಟವೇ ಎತ್ತರ," ಎಂದವು ಹಂದಿ, ಗೆದ್ದಲು ಎರಡೂ.

ಬೇಸಿಗೆ ಕಳೆಯುವುದರೊಳಗೆ ಅಗೆಯುವ ಯಂತ್ರ ಗುಡ್ಡ ಹತ್ತಿ ಬಂತು. "ಅದಿರನ್ನು ಮೊದಲು ಕಂಡವರು ಯಾರು? ಅವರ ಮನೆಯಿಂದಲೇ ಶುರುಮಾಡುತ್ತೇನೆ," ಎಂದಿತು.

ಹಂದಿ ತನ್ನ ಮರಿಗಳನ್ನು ಹಿಂದಕ್ಕೆ ತಳ್ಳಿಕೊಂಡಿತು. "ಎಲ್ಲ ಗೆದ್ದಲಮ್ಮನ ವಿದ್ಯೆ, ಸ್ವಾಮಿ. ನಾನು ಬರೀ ಎಡವಿದವಳು."

ಗೆದ್ದಲು ಹುತ್ತದ ಬಾಯಿಗೆ ಅಡ್ಡ ನಿಂತಿತು. "ಇಲ್ಲ ಸ್ವಾಮಿ, ಎಲ್ಲ ಅವಳ ಅದೃಷ್ಟ. ನಮಗೆ ಏನೂ ಗೊತ್ತಿಲ್ಲ."

ಯಂತ್ರ ಎರಡು ಬಾವುಟಗಳನ್ನೂ ನೋಡಿತು.

"ಹಾಗಾದರೆ ಕೀರ್ತಿ ಇಬ್ಬರಿಗೂ ಸಮ," ಎಂದು ಹಲ್ಲಿನ ಬಕೆಟ್ಟನ್ನು ನೆಲಕ್ಕೆ ಇಳಿಸಿತು.