ಹರಾಜು ಕೂಗುವವನ ದನಿ

“ಗುರುಗಳೇ, ನಿಮ್ಮ ಪ್ರವಚನಗಳನ್ನೆಲ್ಲ ಒಂದಕ್ಷರವೂ ಕೆಡದಂತೆ ಕ್ಲೌಡಿಗೆ ಸೇರಿಸಿದ್ದೇನೆ. ಇನ್ನು ಅವು ಉಳಿದವು ಎನ್ನಬಹುದೇ?” ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಕಡಲತಡಿಯ ಒಂದು ಪಟ್ಟಣದಲ್ಲಿ ಒಬ್ಬ ವೈದ್ಯೆ ಇದ್ದಳು. ಗಂಟಲಿನಲ್ಲಿ ಗಡ್ಡೆ ಬೆಳೆದವರಿಗೆ ಶಸ್ತ್ರಚಿಕಿತ್ಸೆ ಮಾಡುವುದು ಅವಳ ಕೆಲಸ. ಕೆಲವರಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತಿತ್ತು. ಅವರ ಜೀವ ಉಳಿಯುತ್ತಿತ್ತು, ದನಿ ಹೋಗುತ್ತಿತ್ತು. ಹಾಗಾಗಿ ಅವಳು ಅಂಥವರನ್ನು ಮೊದಲೇ ಮೈಕಿನ ಮುಂದೆ ಕೂರಿಸಿ, ಒಂದು ಹಾಳೆ ಕೊಟ್ಟು ಓದಿಸಿ, ಅವರ ದನಿಯನ್ನು ಹಿಡಿದಿಡುತ್ತಿದ್ದಳು.

ಆ ದನಿಗಳನ್ನು ಕಾಪಾಡುವ ಹೊಣೆ ಒಬ್ಬ ಪ್ರೋಗ್ರಾಮರನದು. ಅವನು ಶ್ರದ್ಧೆಯ ಮನುಷ್ಯ. ಅವನು ಬರೆದ ಪ್ರೋಗ್ರಾಂ ಪ್ರತಿಯೊಂದು ದನಿಯನ್ನೂ ತುಣುಕು ತುಣುಕಾಗಿ ಕ್ಲೌಡಿನ ಆರ್ಕೈವಿಗೆ ಕಳುಹಿಸುತ್ತಿತ್ತು. ಅಪರೂಪಕ್ಕೆ ಬೇಕಾಗುವುದನ್ನು ಬಹುಕಾಲ ಇಡುವ ಜಾಗ ಅದು. ಇಟ್ಟದ್ದನ್ನು ವಾಪಸು ಕೇಳಿದರೆ ಅರ್ಧ ದಿನ ಕಾಯಬೇಕು. ನಡುವೆ ಸಂಪರ್ಕ ಕಡಿದರೆ ಪ್ರೋಗ್ರಾಂ ಆ ತುಣುಕನ್ನು ಮತ್ತೆ ಕಳುಹಿಸುತ್ತಿತ್ತು. ಇಲ್ಲಿದ್ದ ತುಣುಕಿಗೂ ಅಲ್ಲಿ ತಲುಪಿದ ತುಣುಕಿಗೂ ತಾಳೆ ನೋಡುತ್ತಿತ್ತು. ಎಲ್ಲವೂ ಸರಿಹೊಂದಿದ ಮೇಲೆಯೇ ಆಸ್ಪತ್ರೆಯ ಕಂಪ್ಯೂಟರಿನಲ್ಲಿದ್ದುದನ್ನು ಅಳಿಸುತ್ತಿತ್ತು. ಇನ್ನೊಂದು ಕೆಲಸವನ್ನೂ ಅವನು ಅದಕ್ಕೆ ಕಲಿಸಿದ್ದ. ಓದು ಶುರುವಾಗುವ ಮೊದಲಿನ ಮಾತುಕತೆ, ಕೆಮ್ಮು, ನಗು ಎಲ್ಲವನ್ನೂ ಅದು ಕತ್ತರಿಸಿ ಬಿಸಾಡುತ್ತಿತ್ತು.

ಒಂದು ದಿನ ಬಂದರಿನಲ್ಲಿ ಮೀನು ಹರಾಜು ಕೂಗುವವನೊಬ್ಬ ಬಂದ. ಮೈಕು ಕಂಡದ್ದೇ ಬಂಗುಡೆಯ ಬುಟ್ಟಿಯೊಂದನ್ನು ಹರಾಜಿಗೆ ಇಟ್ಟವನಂತೆ ಗಟ್ಟಿಯಾಗಿ ಕೂಗಿದ. ದರ ಏರಿಸದೆ ನಿಂತಿದ್ದೀರಲ್ಲ ಎಂದು ನರ್ಸುಗಳನ್ನು ಛೇಡಿಸಿದ. ಪ್ರೋಗ್ರಾಮರನೂ ನಕ್ಕ. ಆಮೇಲೆ ಹರಾಜಿನವನು ಹಾಳೆ ಹಿಡಿದು, ಶಾಲೆಯಲ್ಲಿ ನಿಂತವನಂತೆ, ಒಂದೊಂದೇ ಪದ ಓದಿದ. ಓದಿದ್ದು ಕ್ಲೌಡಿಗೆ ಹೋಯಿತು. ಶಸ್ತ್ರಚಿಕಿತ್ಸೆ ನಡೆಯಿತು. ಅವನು ಬದುಕಿದ.

ಕೆಲವು ವರ್ಷಗಳ ಮೇಲೆ ಅವನು ಮತ್ತೆ ಆಸ್ಪತ್ರೆಗೆ ಬಂದ. ಜೊತೆಗೆ ಅವನ ಹೆಂಡತಿ ಇದ್ದಳು. ಅವಳೇ ವಿಷಯ ಹೇಳಿದಳು. ಊರಲ್ಲಿ ತನ್ನ ಮಗಳ ಮನೆಯಲ್ಲಿದ್ದ ಅತ್ತೆಯನ್ನು, ಅಂದರೆ ಅವನ ತಾಯಿಯನ್ನು, ಇವರು ಈಗ ತಮ್ಮ ಮನೆಗೆ ಕರೆತಂದಿದ್ದರು. ಮುದುಕಿಗೆ ಕಣ್ಣು ಪೂರ್ತಿ ಹೋಗಿತ್ತು, ಮರೆವೂ ಹಿಡಿದಿತ್ತು. ಮಾತಿಲ್ಲದ ಮನುಷ್ಯನೊಬ್ಬ ಬಳಿಗೆ ಬಂದು ಕೈ ಹಿಡಿದರೆ ಅವಳು ಹೆದರಿ ಕೈ ಎಳೆದುಕೊಳ್ಳುತ್ತಿದ್ದಳು. ಮಗ ಎಲ್ಲಿ ಎಂದು ಮಗನನ್ನೇ ಕೇಳುತ್ತಿದ್ದಳು.

ಪ್ರೋಗ್ರಾಮರನು ಆರ್ಕೈವಿಗೆ ಕೋರಿಕೆ ಕಳುಹಿಸಿದ. ಗಂಡ ಹೆಂಡತಿ ಆಸ್ಪತ್ರೆಯ ಬೆಂಚಿನ ಮೇಲೆ ಕಾದರು. ಸಂಜೆಯ ಹೊತ್ತಿಗೆ ದನಿ ಬಂತು. ಅವನು ತಾಳೆ ನೋಡಿದ. ಕಳುಹಿಸಿದ್ದು ಕಳುಹಿಸಿದ ಹಾಗೆಯೇ ಇತ್ತು. ಅವನಿಗೆ ತನ್ನ ಕೆಲಸದ ಬಗ್ಗೆ ಹೆಮ್ಮೆಯಾಯಿತು. ತಾನೇ ಅವರ ಮನೆಗೆ ಹೋಗಿ, ಮುದುಕಿಯ ಬಳಿ ಕುಳಿತು ಕೇಳಿಸಿದ.

ಮುದುಕಿ ಕೊನೆಯವರೆಗೂ ಕೇಳಿದಳು. ಆಮೇಲೆ, “ಇದು ರೇಡಿಯೋದವರು ಓದುವುದು. ನನ್ನ ಮಗ ಹೀಗೆ ಮಾತಾಡುವವನಲ್ಲ” ಎಂದಳು.

ಮತ್ತೊಮ್ಮೆ ಕೇಳಿಸಿದರು. ಅವಳು ಮುಖ ತಿರುಗಿಸಿದಳು. ಹರಾಜಿನವನು ಪ್ರೋಗ್ರಾಮರನ ಕಡೆ ನೋಡಿ, ಬಾಯಿಗೆ ಎರಡೂ ಕೈ ಅಡ್ಡ ಹಿಡಿದು, ಕೂಗುವವನಂತೆ ಸನ್ನೆ ಮಾಡಿದ. ಅಂದು ಮೊದಲಿಗೆ ಕೂಗಿದ್ದೆನಲ್ಲ, ಅದು ಬೇಕು ಎಂದು ಅವನು ಕೇಳುತ್ತಿದ್ದ. ಅದನ್ನು ನಾನೇ ಕತ್ತರಿಸಿದೆ, ಅದು ಎಲ್ಲಿಯೂ ಇಲ್ಲ ಎಂದು ಪ್ರೋಗ್ರಾಮರನು ಮರೆಮಾಚದೆ ಹೇಳಿದ. ಹರಾಜಿನವನು ಸಿಟ್ಟಾಗಲಿಲ್ಲ. ಅವನ ಕೈಗಳು ನಿಧಾನಕ್ಕೆ ಕೆಳಗಿಳಿದವು.

ಮರುದಿನವೇ ಪ್ರೋಗ್ರಾಮರನು ಪ್ರೋಗ್ರಾಮಿನ ಆ ಭಾಗವನ್ನು ತೆಗೆದುಹಾಕಿದ. ಹಾಳೆ ಕೊಡುವುದನ್ನು ನಿಲ್ಲಿಸೋಣ ಎಂದು ವೈದ್ಯೆಗೆ ಹೇಳಿದ, ಅವಳು ಒಪ್ಪಿದಳು. ಆಮೇಲೆ ಬಂದವರು ಮೈಕಿನ ಮುಂದೆ ಬೈದದ್ದು, ಹರಟಿದ್ದು, ಅತ್ತದ್ದು ಎಲ್ಲವೂ ಕ್ಲೌಡಿಗೆ ಹೋಯಿತು. ಇತ್ತ ಮುದುಕಿ ಕ್ರಮೇಣ ಆ ಮಾತಿಲ್ಲದ ಮನುಷ್ಯನ ಕೈಯಿಂದ ಊಟ ಮಾಡುವಷ್ಟು ಪಳಗಿದಳು. ಒಳ್ಳೆಯವನು, ಯಾರ ಮಗನೋ ಎಂದು ಸೊಸೆಯ ಬಳಿ ಹೇಳುತ್ತಿದ್ದಳು. ಸಾಯುವವರೆಗೂ ಅವನನ್ನು ಮಗನೇ ಎಂದು ಕರೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ಯೋಚಿಸಿ, “ಆದರೆ ಗುರುಗಳೇ, ಕಳುಹಿಸಿದ್ದರಲ್ಲಿ ಒಂದು ತುಣುಕೂ ಕಳೆದಿರಲಿಲ್ಲವಲ್ಲ?” ಎಂದ.

“ಏನೂ ಕಳೆದಿರಲಿಲ್ಲ, ಚೆನ್ನವೀರ, ಹರಾಜಿನವನನ್ನು ಕಳುಹಿಸಿಯೇ ಇರಲಿಲ್ಲ.”